ಲಾಲಪ್ಪನ ಹೆಸರಿನಲ್ಲಿ ಒಂದು ಹರ್ನಿಯಾ

ಕಾತ್ರಜ, ಪುಣೆ
೧೨ ಫೆಬ್ರುವರಿ ೨೦೨೪

ಮಗಳು ರೇಣುಗೆ ಅಪ್ಪನ ಆಶೀರ್ವಾದ.

ರೊಟ್ಟಿ ಗಂಟಿನೊಳಗೆ ಕಾಗದ ಕಂಡು ನೀನು ಹುಬ್ಬು ಗಂಟಿಕ್ಕಿರುತ್ತೀ. ಇದು ನಿನ್ನ ಅವ್ವನ ಹಟ. ಎರಡು ವರ್ಷದಿಂದ ನನ್ನ ಮಾತು ನಿನಗೆ, ನಿನ್ನ ಮಾತು ನನಗೆ ಮುಟ್ಟಿಸಿ ಆಕೆಗೆ ಸಾಕಾಗಿದೆಯಂತೆ. "ನಾ ಏನ್ ಟೆಲಿಫೋನ್ ತಂತಿ ಏನ್ರಿ? ಹೇಳೂದಿದ್ರ ಬರದ ಕೊಡ್ರಿ, ರೊಟ್ಟಿ ಜೋಡಿ ಒಯ್ದ ಕೊಡ್ತೀನಿ" ಎಂದಳು. ಕಾತ್ರಜದಿಂದ ನಿನ್ನ ಆಸ್ಪತ್ರೆಗೆ ಒಂದೇ ಬಸ್ಸು. ಅಷ್ಟು ದೂರಕ್ಕೆ ಕಾಗದ ಬರೆಯುವ ಅಪ್ಪ ಈ ಪುಣೆಯಲ್ಲಿ ನಾನೊಬ್ಬನೇ ಇರಬೇಕು.

ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ನೀನು ಹೆರಿಗೆ ಡಾಕ್ಟರಾಗುತ್ತೀ ಎಂದು ನಾನು ಬೀಗರಿಗೆಲ್ಲ ಹೇಳಿದ್ದೆ. ನಿನ್ನ ದವಾಖಾನೆಗೆಂದು ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನ ಮೇಲಿನ ಎರಡು ಖೋಲಿಗೆ ಸುಣ್ಣ ಹೊಡೆಸಿದ್ದೆ. ನೀನು ಬಂದು ಸರ್ಜರಿ ತಗೊಂಡೆ ಎಂದೆ. ಹತ್ತು ಮಂದಿಯ ಎದುರು ನನ್ನ ಬಾಯಿಂದ ಒಂದು ಮಾತು ಬಂತು, ನೀನು ಬ್ಯಾಗು ಎತ್ತಿಕೊಂಡು ಹಾಸ್ಟೆಲಿಗೆ ನಡೆದೆ. ಅದು ಅಲ್ಲಿಗೆ ಬಿಡು.

ಈಗಿನ ವಿಷಯ ಬೇರೆ. ನಮ್ಮ ಹಮಾಲ ಲಾಲಪ್ಪ ನಿನಗೆ ಗೊತ್ತಲ್ಲ. ಅವನಿಗೆ ಬಲಗಡೆ ತೊಡೆಸಂದಿನಲ್ಲಿ ಒಂದು ಗಂಟು ಬರುತ್ತದಂತೆ. ನಿಂತರೆ ಬರುತ್ತದೆ, ಮಲಗಿದರೆ ಮಾಯ. ನೋವಿಲ್ಲ, ಆದರೆ ಸಂಜೆ ಹೊತ್ತಿಗೆ ಜಗ್ಗಿದಂತಾಗುತ್ತದಂತೆ. ಬಡವ, ಕೇಳಲು ನಾಚುತ್ತಾನೆ. ಡಾಕ್ಟರ್ ಆಗಿ ನಿನ್ನ ಅಭಿಪ್ರಾಯ ತಿಳಿಸು.

ಇಂತಿ,
ಸಿದ್ರಾಮಪ್ಪ

*

ರೆಸಿಡೆಂಟ್ ಹಾಸ್ಟೆಲ್, ಪುಣೆ
೧೬ ಫೆಬ್ರುವರಿ ೨೦೨೪

ಅಪ್ಪನವರಿಗೆ ರೇಣುವಿನ ಶರಣು.

ಕಾಗದ ಮುಟ್ಟಿತು. ರೊಟ್ಟಿ ಮೆತ್ತಗಾಗಿರಲಿಲ್ಲ, ಅವ್ವನಿಗೆ ಹೇಳಿ.

ನೀವು ಬರೆದದ್ದು ನೋಡಿದರೆ ಲಾಲಪ್ಪ ಕಾಕಾನಿಗೆ ಆಗಿರುವುದು ಹರ್ನಿಯಾ. ಹೊಟ್ಟೆಯ ಗೋಡೆ ಮಾಂಸಖಂಡದ್ದು. ಗಂಡಸರಿಗೆ ತೊಡೆಸಂದಿನಲ್ಲಿ ಆ ಗೋಡೆ ಮೊದಲೇ ತುಸು ತೆಳು. ಭಾರ ಎತ್ತಿ, ವರ್ಷಗಟ್ಟಲೆ ಕೆಮ್ಮಿ, ಬೆಳಿಗ್ಗೆ ಸಂಡಾಸಿನಲ್ಲಿ ತಿಣುಕಿ ಅಲ್ಲಿ ಕಿಂಡಿ ಬೀಳುತ್ತದೆ. ಒಳಗಿನ ಕರುಳು ಆ ಕಿಂಡಿಯಲ್ಲಿ ಹೊರಗೆ ಇಣುಕುತ್ತದೆ. ಮಲಗಿದಾಗ ತಾನೇ ಒಳಗೆ ಸರಿಯುತ್ತದೆ.

ಇದಕ್ಕೆ ಗುಳಿಗೆ ಇಲ್ಲ, ಕಷಾಯ ಇಲ್ಲ, ಲೇಪ ಇಲ್ಲ. ಕಿಂಡಿಗೆ ಒಂದು ಜಾಳಿಗೆ ಇಟ್ಟು ಹೊಲಿಯಬೇಕು. ತಾಸು, ಒಂದೂವರೆ ತಾಸಿನ ಆಪರೇಷನ್. ಎರಡನೇ ದಿನ ಮನೆಗೆ. ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ದಿನ ಆ ಗಂಟು ಒಳಗೆ ಹೋಗುವುದಿಲ್ಲ. ಕಲ್ಲಿನಂತೆ ಗಟ್ಟಿಯಾಗುತ್ತದೆ, ನೋವು, ವಾಂತಿ. ಸಿಕ್ಕಿಕೊಂಡ ಕರುಳಿಗೆ ರಕ್ತ ಹೋಗದೆ ಕೆಲವೇ ತಾಸಿನಲ್ಲಿ ಅದು ಕೊಳೆಯುತ್ತದೆ. ಆಗ ಜೀವಕ್ಕೇ ಬರುತ್ತದೆ. ಅಂಥ ಮೂವರನ್ನು ಈ ವರ್ಷ ನೋಡಿದ್ದೇನೆ. ಒಬ್ಬರು ಉಳಿಯಲಿಲ್ಲ.

ನಮ್ಮ ಯುನಿಟ್ಟಿನ ಓಪಿಡಿ ಮಂಗಳವಾರ ಮತ್ತು ಶುಕ್ರವಾರ. ಕಾಕಾನನ್ನು ಕಳಿಸಿ. ಅವರ ವಯಸ್ಸೆಷ್ಟು? ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಾರೆಯೇ? ಎಷ್ಟು ವರ್ಷದಿಂದ ಇದೆ?

ರೇಣು

*

ಕಾತ್ರಜ
೪ ಮಾರ್ಚ್ ೨೦೨೪

ಮಗಳು ರೇಣುಗೆ ಆಶೀರ್ವಾದ.

ನಿನ್ನ ಕಾಗದ ಓದಿ ಲಾಲಪ್ಪನ ಮುಖ ಇಳಿಯಿತು. "ಒಬ್ಬರು ಉಳಿಯಲಿಲ್ಲ" ಎಂದು ಅಷ್ಟು ಬೋಳಾಗಿ ಬರೆಯಬೇಕೇನು? ರೋಗಿಗಳ ಜೊತೆಗೂ ಹೀಗೆಯೇ ಮಾತಾಡುತ್ತೀಯೋ ಹೇಗೆ.

ವಯಸ್ಸು ಅರವತ್ತೊಂದು. ಐದು ವರ್ಷದಿಂದ ಇದೆ. ಪಟ್ಟಿ ಹೌದು, ಸ್ವಾರಗೇಟ್ ಹತ್ತಿರದ ಅಂಗಡಿಯಿಂದ ತಂದದ್ದು, ಧೋತರದ ಒಳಗೆ ಬಿಗಿಯುತ್ತಾನೆ. ಹೆಂಡತಿಗೂ ಹೇಳಿಲ್ಲ. ಮುಂಜಾನೆ ಲಿಂಗಪೂಜೆಗೆ ಚಕ್ಕಳಬಕ್ಕಳ ಹಾಕಿ ಕುಳಿತಾಗ ತುಸು ಒತ್ತುತ್ತದೆ, ಹಾಗಾಗಿ ಈಗ ಮಣೆಯ ಕೆಳಗೆ ಒಂದು ದಿಂಬು ಇಟ್ಟುಕೊಳ್ಳುತ್ತಾನೆ. ಆಫೀಸಿನಲ್ಲಿ ಕೂತು ಲಾರಿ ಮಾಲಿನ ರಸೀದಿ, ಬಿಲ್ಟಿ ಬರೆಯುವಾಗ ಏನೂ ತ್ರಾಸಿಲ್ಲ.

ಅವನ ಪ್ರಶ್ನೆ ಇಷ್ಟೇ. ಜೋಪಾನವಾಗಿದ್ದರೆ ಇನ್ನೈದು ವರ್ಷ ನಡೆಯುವುದಿಲ್ಲವೇ? ಮತ್ತೊಂದು ಪ್ರಶ್ನೆ. ನಿಮ್ಮಲ್ಲಿ ಇಂಥ ಆಪರೇಷನ್ ಮಾಡುವವರು ಯಾರು? ನೀನು ಬರೀ ಪಕ್ಕದಲ್ಲಿ ನಿಂತು ಕತ್ತರಿ ಕೊಡುತ್ತೀಯೋ, ಸ್ವತಃ ಮಾಡುತ್ತೀಯೋ? ಲಾಲಪ್ಪ ಕೇಳಿದ, ಅದಕ್ಕೆ ಬರೆದೆ.

ಇಂತಿ,
ಸಿದ್ರಾಮಪ್ಪ

*

ರೆಸಿಡೆಂಟ್ ಹಾಸ್ಟೆಲ್
೨೪ ಮಾರ್ಚ್ ೨೦೨೪

ಅಪ್ಪಾ,

ಮೊನ್ನೆ ಶುಕ್ರವಾರ ಲಾಲಪ್ಪ ಕಾಕಾ ಹೆಂಡತಿಯನ್ನು ಕರೆದುಕೊಂಡು ಓಪಿಡಿಗೆ ಬಂದಿದ್ದರು. ಸಾಬವ್ವ ಕಾಕುನ ಪಿತ್ತಕೋಶದಲ್ಲಿ ಕಲ್ಲಿವೆ, ಊಟವಾದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಹಿಂಡಿದಂತಾಗುತ್ತದೆ. ದುರ್ಬೀನಿನ ಆಪರೇಷನ್ನಿಗೆ ದಿನ ಕೊಟ್ಟಿದ್ದೇವೆ. ನಾಲ್ಕು ಸಣ್ಣ ತೂತು, ಅಷ್ಟೇ.

ಎಲ್ಲ ಮುಗಿದ ಮೇಲೆ ಕೇಳಿದೆ. "ಕಾಕಾ, ನಿಮ್ಮ ಹರ್ನಿಯಾ ಹೆಂಗ ಅದ?"

"ನನಗ್ಯಾವ ಹರ್ನಿಯಾ ಯವ್ವಾ? ಇವತ್ತೂ ಒಂದ ಹೊಡತಕ್ಕ ಎರಡ ಚೀಲ ಎತ್ತೀನಿ" ಎಂದು ಅಂಗಿ ಮೇಲೆತ್ತಿ ಹೊಟ್ಟೆ ಬಡಿದು ತೋರಿಸಿದರು. ಓಪಿಡಿಯಲ್ಲಿದ್ದ ಅರ್ಧ ಮಂದಿ ನಕ್ಕರು.

ಲಾಲಪ್ಪ ಕಾಕಾ ಬಿಲ್ಟಿ ಬರೆಯುವುದಿಲ್ಲ ಅಪ್ಪಾ. ಲಿಂಗ ಕಟ್ಟುವುದೂ ಇಲ್ಲ. ಹಿಂದಿನ ಕಾಗದ ಓದಿದಾಗಲೇ ನನಗೆ ಗೊತ್ತಾಗಿತ್ತು. ಐದು ವರ್ಷ! ನಾನು ಮನೆಯಲ್ಲೇ ಇದ್ದು ಎಂಬಿಬಿಎಸ್ ಓದುತ್ತಿದ್ದಾಗಲೂ ಇತ್ತಲ್ಲ ಅದು. ಪರೀಕ್ಷೆಗೆ ಹರ್ನಿಯಾ ಪಾಠವನ್ನು ಬಾಯಿಪಾಠ ಮಾಡುತ್ತ ನಾನು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದೆ, ನೀವು ಅಲ್ಲೇ ಪಟ್ಟಿ ಕಟ್ಟಿಕೊಂಡು ಪೇಪರ್ ಓದುತ್ತ ಕೂತಿದ್ದಿರಿ. ನನಗೆ ಸಿಟ್ಟು ಬಂದಿದೆ. ನಿಮ್ಮ ಮೇಲೆ ಎಷ್ಟೋ ಅಷ್ಟೇ ನನ್ನ ಮೇಲೂ.

ಇನ್ನೊಂದು ವಿಷಯ. ಡಿಸೆಂಬರಿನಲ್ಲಿ ನಿಮ್ಮ ಲಾರಿ ಡ್ರೈವರ್ ಮಾಂತು ಅಪೆಂಡಿಕ್ಸ್ ಹಿಡಿದು ಬಂದ. ಜನವರಿಯಲ್ಲಿ ಇಬ್ಬರು, ಹೋದ ತಿಂಗಳು ವಿಜಯಪುರದಿಂದ ಒಬ್ಬ ಅಜ್ಜ. ಎಲ್ಲರೂ ಕಾತ್ರಜದ ಆಫೀಸಿನ ಚೀಟಿ ಹಿಡಿದು ಬಂದವರು. ಮಾಂತು ಏನಂದ ಗೊತ್ತೇ? "ನಿಮ್ಮಪ್ಪಾರು ಹೇಳ್ಯಾರ್ರಿ, ನನ್ನ ಮಗಳ ಕೈಗೆ ಹ್ವಾದ್ರ ಸಾಕು, ಮುಂದಿಂದು ಚಿಂತಿ ಬ್ಯಾಡ ಅಂತ."

ಎರಡು ವರ್ಷದ ಹಿಂದೆ ಬೀಗರ ಎದುರು ನೀವು ಅಂದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಹೆಣ್ಣ ಹುಡುಗಿ ಕೈಯಾಗ ಹೊಟ್ಟಿ ಕೊಯ್ಸಕೊಳ್ಳಾಕ ಯಾರ ಬರ್ತಾರ?" ಈಗ ಅವರನ್ನೆಲ್ಲ ಕಳಿಸುತ್ತಿರುವವರು ನೀವೇ. ಊರವರ ಹೊಟ್ಟೆಗೆ ನನ್ನ ಕೈ ನಡೆಯುತ್ತದೆ, ನಿಮ್ಮದಕ್ಕೆ ನಡೆಯುವುದಿಲ್ಲವೇ?

ನಾನೇ ಮಾಡಬೇಕೆಂದೇನಿಲ್ಲ. ಮನೆಯವರಿಗೆ ಮನೆಯವರು ಮಾಡದಿರುವುದು ನಮ್ಮಲ್ಲಿ ರೂಢಿ. ನಮ್ಮ ಯುನಿಟ್ಟಿನ ಮುಖ್ಯಸ್ಥೆ ನೀಲಿಮಾ ಮೇಡಂ ಮಾಡುತ್ತಾರೆ. ನಾನು ಆ ದಿನ ಬೇಕಾದರೆ ರಜೆ ಹಾಕುತ್ತೇನೆ. ಬನ್ನಿ.

ರೇಣು

*

ಕಾತ್ರಜ
೨ ಏಪ್ರಿಲ್ ೨೦೨೪

ರೇಣುಗೆ,

ಲಾಲಪ್ಪನಿಗೆ ಹೊಟ್ಟೆ ಗಟ್ಟಿ, ಬಾಯಿ ಸಡಿಲ. ಇರಲಿ. ಸಿಕ್ಕಿಬಿದ್ದ ಮೇಲೆ ಒದ್ದಾಡುವುದು ನನ್ನ ಸ್ವಭಾವವಲ್ಲ. ಹೌದು, ನನ್ನದೇ.

ಡ್ರೈವರುಗಳನ್ನು ಕಳಿಸಿದ್ದೂ ಹೌದು. ಅದರಲ್ಲಿ ವಿಶೇಷವೇನಿದೆ? ಗೊತ್ತಿದ್ದ ಡಾಕ್ಟರ್ ಇರುವಾಗ ಬೇರೆ ಕಡೆ ಯಾಕೆ ಕಳಿಸಲಿ. ಮಾಂತು ಬಾಯಿಗೆ ಬಂದದ್ದು ಸೇರಿಸಿರುತ್ತಾನೆ.

ಆದರೆ ನಿನ್ನ ಆಸ್ಪತ್ರೆಗೆ ಬರುವುದಿಲ್ಲ. ಅಪ್ಪನಾದವನು ಅಂಥ ಜಾಗದ ಬೇನೆ ಹಿಡಿದುಕೊಂಡು, ಮಗಳ ಜೊತೆ ಚಹಾ ಕುಡಿಯುವ ಹುಡುಗರ ಮುಂದೆ ಧೋತರ ಬಿಚ್ಚಿ ನಿಲ್ಲಬೇಕೇ? ನೀನು ನಾಳೆ ಅವರ ಮುಖ ಹೇಗೆ ನೋಡುತ್ತೀ? ನಾಚಿಕೆ ನನಗೆ ಬಿಡು, ನಿನಗೂ ಬರಬಾರದು. ಬೇರೆ ಎಲ್ಲಾದರೂ ಮಾಡಿಸುತ್ತೇನೆ. ಮಾತು ಕೊಟ್ಟೆ.

ಅವ್ವನಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ.

ಸಿದ್ರಾಮಪ್ಪ

*

ಕಾತ್ರಜ
೬ ಜುಲೈ ೨೦೨೪

ರೇಣು ಯವ್ವಾ,

ಇಷ್ಟ ದಿನ ನಿಮ್ಮಿಬ್ಬರ ಕಾಗದ ಹೊತ್ತೆ. ಇವತ್ತ ನಂದು ನಾನ ಬರದು ನಾನ ಹೊತಗೊಂಡ ಬರಾಕತ್ತೀನಿ. ಮಾತಾಡಿಧಂಗ ಬರೀತೀನಿ, ಅಕ್ಷರ ಸೊಟ್ಟ ಅದಾವ, ನಗಬ್ಯಾಡ.

ನಿಮ್ಮಪ್ಪ ನನಗ ಹೇಳಿಲ್ಲ ಅಂತ ತಿಳದಾರ. ಮೂವತ್ತೈದು ವರ್ಷ ಧೋತರ ಒಗದಾಕಿಗೆ ಪಟ್ಟಿ ಕಾಣೂದಿಲ್ಲೇನ? ಅವ್ರಾಗೇ ಹೇಳಲಿ ಅಂತ ಸುಮ್ಮನಿದ್ದೆ. ಕಡೀಕ ಹೋದ ವಾರ ಹೇಳಿದ್ರು. ಮಂಗಳವಾರ ಒಂದು ಪ್ರೈವೇಟ್ ದವಾಖಾನಿಯೊಳಗ ಆಪರೇಷನ್ ಇತ್ತು. ಆಗಲಿಲ್ಲ. ಡಾಕ್ಟರ್ ರಜಾ ಅಂತ ನಿನಗ ಬರೀತಾರ, ನಂಬಬ್ಯಾಡ. ಖರೇ ಏನಂದ್ರ ಹೇಳ್ತೀನಿ ಕೇಳು.

ಹಿಂದಿನ ದಿನ ಅವ್ರು ಹೇಳಿ ಕಳಿಸಿದ್ರು, ಮುಂಜಾನೆ ಏನೂ ತಿನ್ನಬ್ಯಾಡ್ರಿ, ಕುಡಿಬ್ಯಾಡ್ರಿ ಅಂತ. ಇವ್ರು ಚಹಾ ಮುಟ್ಟಲಿಲ್ಲ, ನಾಷ್ಟಾ ಮುಟ್ಟಲಿಲ್ಲ. ಅಲ್ಲಿ ನರ್ಸಬಾಯಿ ಮರಾಠಿಯೊಳಗ ಕೇಳಿದ್ಲು, ಏನರ ತಿಂದೀರೇನು ಅಂತ. ಎದಿ ಮ್ಯಾಲ ಕೈ ಇಟ್ಟು "ನಾಹೀ" ಅಂದ್ರು. ಸೂಜಿ ಹಚ್ಚಿದ್ರು, ಹಸಿರು ಅಂಗಿ ತೊಡಸಿದ್ರು. ಆಮ್ಯಾಲ ಮತ್ತು ಬರೋ ಇಂಜೆಕ್ಷನ್ ಕೊಡೋ ಡಾಕ್ಟರ್ ಬಂದು, "ಬಾಬಾ, ಹಸಿವಿ ಆಗೇದೇನು, ಇನ್ನೊಂದ ತಾಸು ತಡೀರಿ" ಅಂದ್ರು. ನಿಮ್ಮಪ್ಪ ಭಾಳ ಠೀವೀಲೆ, "ಹಸಿವಿ ಇಲ್ಲ, ಪ್ರಸಾದ ಆಗೇದ" ಅಂದ್ರು!

ಮುಂಜಾನೆ ಪೂಜಿ ಮಾಡಿ ಲಿಂಗಕ್ಕ ಹಿಡದ ಹಾಲು ಒಂದು ವಾಟಗಾ, ಬಾಳಿಹಣ್ಣು ಎರಡು. ಹುಟ್ಟಿದಾಗಿಂದ ತಗೋತಾರ. ಅದಕ್ಕ ಯಾರರ ತಿಂದೆ ಅಂತಾರೇನು? ಸುಳ್ಳ ಹೇಳಿಲ್ಲ ಯವ್ವಾ, ಅವ್ರ ಲೆಕ್ಕದಾಗ ಅವ್ರು ಉಪಾಸನ ಇದ್ರು. ಆ ಡಾಕ್ಟರ್ ಭಾಳ ಬೈದ್ರು. ಮಂದಿ ಮುಂದ, "ಓದಿದ ಮನಶಾ, ಇಷ್ಟೂ ತಿಳೀದಿಲ್ಲೇನು" ಅಂದ್ರು. ಇವ್ರು ಅಂಗಿ ಬದಲಿ ಮಾಡಕೊಂಡು ರಿಕ್ಷಾ ಹಿಡದು ಮನಿಗೆ ಬಂದ್ರು. ಈಗ ಎಲ್ಲೂ ಬರಾಂಗಿಲ್ಲ, ಸತ್ರ ಸಾಯ್ತೀನಿ ಅಂತಾರ. ನನಗ ಅಂಜಿಕಿ ಬರಾಕತ್ತದ. ನೀ ಬೈಬ್ಯಾಡ. ಬೈಸಕೊಂಡು ಬಂದಾರ. ಏನರ ಬರಿ.

ಅವ್ವ

*

ರೆಸಿಡೆಂಟ್ ಹಾಸ್ಟೆಲ್
೨೦ ಜುಲೈ ೨೦೨೪

ಅಪ್ಪಾ,

ಬೈಯಲು ಬರೆಯುತ್ತಿಲ್ಲ, ಕೊನೆಯವರೆಗೂ ಓದಿ.

ಮೊನ್ನೆ ಆಷಾಢ ಏಕಾದಶಿಯ ದಿನ ನನ್ನದೇ ಡ್ಯೂಟಿ. ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಅಪೆಂಡಿಕ್ಸ್ ನೋವಿನಿಂದ ಬಂದಳು. ಆಪರೇಷನ್ ಬೇಕಿತ್ತು. ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ ಎಂದು ಇಂಟರ್ನಿ ಕೇಳಿದ. ಇಲ್ಲ, ಏಕಾದಶಿ ಉಪವಾಸ ಎಂದಳು. ಅವನು ಬರೆದುಕೊಂಡ. ಎಲ್ಲರೂ ಹಾಗೆಯೇ ಬರೆದುಕೊಳ್ಳುತ್ತೇವೆ. ಎರಡೂವರೆ ವರ್ಷದಿಂದ ನಾನೂ ಹಾಗೆಯೇ ಬರೆದುಕೊಂಡಿದ್ದೇನೆ.

ಆದರೆ ಅವ್ವನ ಕಾಗದ ನನ್ನ ಕೋಟಿನ ಕಿಸೆಯಲ್ಲಿತ್ತು. ನಾನು ತಿರುಗಿ ಬಂದು ಬೇರೆ ಥರ ಕೇಳಿದೆ. ಪ್ರಸಾದ? ತೀರ್ಥ? ಉಪವಾಸದ ತಿನಿಸು? ಆಕೆ ಸಹಜವಾಗಿ ಹೇಳಿದಳು, ಹೊರಡುವ ಮುಂಚೆ ಒಂದು ತಟ್ಟೆ ಸಾಬುದಾಣಿ ಖಿಚಡಿ, ಮೇಲೆ ಒಂದು ಲೋಟ ಮಜ್ಜಿಗೆ.

ಹೊಟ್ಟೆ ತುಂಬಿರುವಾಗ ಮತ್ತು ಬರಿಸಿದರೆ ಒಳಗಿರುವುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಚಾಕು ಮುಟ್ಟುವ ಮೊದಲೇ ಜೀವ ಹೋದದ್ದಿದೆ. ಆಕೆಗೆ ತಡೆಯುವಷ್ಟು ಅವಕಾಶವಿತ್ತು. ಔಷಧಿ ಕೊಟ್ಟು ಆರು ತಾಸು ಕಾಯ್ದು ಮಾಡಿದೆವು. ಇವತ್ತು ಮನೆಗೆ ಹೋದಳು. ಎರಡು ಸಣ್ಣ ಮಕ್ಕಳು ಕರೆದೊಯ್ಯಲು ಬಂದಿದ್ದವು.

ನೀಲಿಮಾ ಮೇಡಂ ಕೇಳಿದರು, ಇದನ್ನು ಕೇಳಬೇಕೆಂದು ನಿನಗೆ ಹೇಗೆ ಹೊಳೆಯಿತು? ನಮ್ಮಪ್ಪನಿಂದ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ ಅಪ್ಪಾ. "ತಪ್ಪು ರೋಗಿಯದಲ್ಲ, ನಮ್ಮ ಪ್ರಶ್ನೆಯದು" ಎಂದರು. ಈಗ ನಮ್ಮ ಯುನಿಟ್ಟಿನಲ್ಲಿ ಆಪರೇಷನ್ನಿಗೆ ಮುಂಚೆ ತುಂಬುವ ಕಾಗದದಲ್ಲಿ ಒಂದು ಹೊಸ ಸಾಲು ಸೇರಿಸಿದ್ದಾರೆ: ಪ್ರಸಾದ, ತೀರ್ಥ, ಉಪವಾಸದ ಪದಾರ್ಥ, ಚಹಾ, ತಂಬಾಕು, ಇವನ್ನು ಒಂದೊಂದಾಗಿ ಕೇಳಿರಿ. ಸಿಸ್ಟರುಗಳು ನಮ್ಮ ಅಡ್ಡಹೆಸರು ಹಿಡಿದು ಅದನ್ನು ಹೊರ್ತಿ ಕಾಕಾನ ಪ್ರಶ್ನೆ ಎನ್ನುತ್ತಾರೆ. ನಿಮ್ಮನ್ನು ಯಾರೂ ಕಂಡಿಲ್ಲ, ಆದರೂ ದಿನಕ್ಕೆ ಹತ್ತು ಸಲ ನಿಮ್ಮ ಹೆಸರು ಹೇಳುತ್ತಾರೆ.

ಆ ಡಾಕ್ಟರ್ ನಿಮ್ಮನ್ನು ಮಂದಿಯ ಮುಂದೆ ಬೈದರು ಎಂದು ಕೇಳಿ ನನಗೆ ತಡೆಯಲಾಗಲಿಲ್ಲ. ನಾಚಿಕೆಪಡುವಂಥದ್ದು ನೀವು ಏನೂ ಮಾಡಿಲ್ಲ. ಇಲ್ಲಿಗೆ ಬನ್ನಿ. ಇಲ್ಲಿ ನಿಮಗೆ ಯಾರೂ ಬೈಯುವುದಿಲ್ಲ, ಬೈದರೆ ನಾನಿದ್ದೇನೆ.

ರೇಣು

*

ಕಾತ್ರಜ
೪ ಆಗಸ್ಟ್ ೨೦೨೪

ಮಗಳು ರೇಣುಗೆ ಆಶೀರ್ವಾದಗಳು.

ಆ ಹೊಸ ಸಾಲಿರುವ ಕಾಗದದ ಒಂದು ಪ್ರತಿ ಕಳಿಸಲು ಬರುತ್ತದೆಯೇ? ಸರ್ಕಾರಿ ಕಾಗದ, ಕೊಡುವಂತಿಲ್ಲ ಎಂದಾದರೆ ಬೇಡ. ಆಫೀಸಿನಲ್ಲಿ ಇಟ್ಟಿರೋಣ ಎಂದು ಕೇಳಿದೆ. ಹಾಗೇ ಸುಮ್ಮನೆ.

ನಿನ್ನ ಕಾಗದವನ್ನು ಲಾಲಪ್ಪನಿಗೆ ಓದಿ ಹೇಳಿದೆ. ಮಾಂತುಗೆ ಓದಿ ಹೇಳಿದೆ. ಬೆಂಗಳೂರು ಕಡೆಯ ಒಬ್ಬ ಗಿರಾಕಿ ಬಂದಿದ್ದ, ಅವನಿಗೂ ಓದಿದೆ. ಅವನಿಗೆ ಸಾಬುದಾಣಿ ಎಂದರೆ ಅವರ ಕಡೆಯ ಸಬ್ಬಕ್ಕಿಯೇ ಎಂದು ತಿಳಿಸುವುದರಲ್ಲೇ ಅರ್ಧ ತಾಸು ಹೋಯಿತು. ಸಾಬವ್ವ ಈಗ ಎರಡು ಹೊತ್ತು ಉಂಡು ಆರಾಮಾಗಿದ್ದಾಳೆ, ನಾಲ್ಕು ತೂತಿನ ಗುರುತನ್ನು ಓಣಿಯ ಹೆಂಗಸರಿಗೆಲ್ಲ ತೋರಿಸುತ್ತಾಳೆ.

ಬರುತ್ತೇನೆ. ನಿನ್ನ ಆಸ್ಪತ್ರೆಗೇ ಬರುತ್ತೇನೆ. ಗಣಪತಿ ಹಬ್ಬದ ತನಕ ಇಲ್ಲಿ ಮಾಲು ಭಾಳ, ತಲೆ ಎತ್ತಲು ಪುರಸೊತ್ತಿಲ್ಲ. ಹಬ್ಬ ಮುಗಿದ ಮರುದಿನವೇ ಬಂದು ಸಾಲಿನಲ್ಲಿ ನಿಲ್ಲುತ್ತೇನೆ. ಅಲ್ಲಿಯ ತನಕ ಭಾರ ಎತ್ತುವುದಿಲ್ಲ, ಅವ್ವ ಕಾವಲಿಗಿದ್ದಾಳೆ.

ಇನ್ನೂ ಒಂದು ಮಾತು ಬರೆಯುವುದಿತ್ತು. ರೊಟ್ಟಿ ಕಟ್ಟಿ ಆಯಿತು, ಬಸ್ಸು ತಪ್ಪುತ್ತದೆ ಎಂದು ಅವ್ವ ಬಾಗಿಲಲ್ಲಿ ನಿಂತಿದ್ದಾಳೆ. ಮುಂದಿನ ಸಲ ಬರೆಯುತ್ತೇನೆ.

ನಿನ್ನ ಅಪ್ಪ,
ಸಿದ್ರಾಮಪ್ಪ

*

ಸರ್ಜರಿ ವಾರ್ಡು, ಡಾಕ್ಟರ ಕೋಣೆ
೧೯ ಸೆಪ್ಟೆಂಬರ್ ೨೦೨೪

ಅಪ್ಪಾ,

ನೀವು ಇಲ್ಲಿಂದ ಮೂವತ್ತು ಹೆಜ್ಜೆ ದೂರ, ಹದಿನಾಲ್ಕನೇ ಹಾಸಿಗೆಯಲ್ಲಿ ಮಲಗಿದ್ದೀರಿ. ರೌಂಡ್ಸಿನಲ್ಲಿ ಎಲ್ಲರ ಮುಂದೆ ನಿಮ್ಮ ನಾಡಿ ಹಿಡಿದು, "ಗ್ಯಾಸ್ ಹೋಯಿತೇ" ಎಂದು ಕೇಳಿ ಮುಂದಿನ ಹಾಸಿಗೆಗೆ ಹೋದೆ. ಅಷ್ಟೇ ಕೇಳಲು ಆಯಿತು. ಉಳಿದದ್ದನ್ನು ಬರೆದು ಸಿಸ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಮನೆಯ ರೂಢಿ ಇದೇ ಆಗಿಬಿಟ್ಟಿತು.

ಗಣಪತಿ ಕಳಿಸುವ ದಿನವೇ ಆಗಬೇಕೇ ಇದು? ಬೆಳಿಗ್ಗೆ ಒಂಬತ್ತಕ್ಕೆ ಲಾಲಪ್ಪ ಕಾಕಾ ನಿಮ್ಮನ್ನು ಟೆಂಪೋದಲ್ಲಿ ಹಾಕಿಕೊಂಡು, ಮೆರವಣಿಗೆಯ ರಸ್ತೆಗಳನ್ನೆಲ್ಲ ತಪ್ಪಿಸಿ ಹೇಗೆ ತಂದರೋ ಗೊತ್ತಿಲ್ಲ. ಸ್ಟ್ರೆಚರಿನ ಮೇಲೆ ಹೊದಿಕೆ ಸರಿಸಿ ಮುಟ್ಟಿದೆ. ಗಂಟು ಗಟ್ಟಿಯಾಗಿತ್ತು, ಒಳಗೆ ಹೋಗಲೊಲ್ಲದು. ಅವ್ವ ಹೇಳಿದಳು, ಬೆಳಗಿನ ಐದರಿಂದ ವಾಂತಿ ಎಂದು. ಆಗಲೇ ನಾಲ್ಕು ತಾಸು ಆಗಿತ್ತು.

ಮೇಡಂ ವಾಕಡದ ಮನೆಯಿಂದ ಹೊರಟಿದ್ದರು, ದಾರಿಯಲ್ಲಿ ಸಿಕ್ಕಿಬಿದ್ದಿದ್ದರು. ನಮ್ಮ ಯುನಿಟ್ಟಿನ ಇನ್ನೊಬ್ಬ ಸರ್ ಪಕ್ಕದ ಥಿಯೇಟರಿನಲ್ಲಿ ಅಪಘಾತದ ಕೇಸಿನಲ್ಲಿದ್ದರು. ಫೋನಿನಲ್ಲಿ ಮೇಡಂಗೆ ಹೇಳಿದೆ, ರೋಗಿ ನನ್ನ ತಂದೆ, ನಾನು ಮಾಡುವಂತಿಲ್ಲ ಎಂದು. ಅವರು ಕೇಳಿದರು, "ಕರುಳು ಒಂದು ತಾಸು ಕಾಯುತ್ತದೆಯೇ?" ಇಲ್ಲ ಎಂದೆ. "ಹಾಗಿದ್ದರೆ ಕೈ ತೊಳೆ" ಎಂದರು.

ಮೂಗಿಗೆ ನಳಿಗೆ ಹಾಕುವಾಗ ನಾನು ಕೇಳಬೇಕಾದದ್ದನ್ನು ಕೇಳಿದೆ, ಪ್ರಸಾದ ಎಂದು. ಅಂಥ ನೋವಿನಲ್ಲೂ ನೀವು ನಗಲು ಹೋದಿರಿ.

ಒಳಗೆ ಏನಿತ್ತು ಎಂದು ಹೇಳುತ್ತೇನೆ, ನಿಮಗೆ ತಿಳಿಯುವ ಹಕ್ಕಿದೆ. ಕಿಂಡಿಯಲ್ಲಿ ಗೇಣುದ್ದ ಕರುಳು ಸಿಕ್ಕಿಕೊಂಡಿತ್ತು. ನೇರಳೆ ಹಣ್ಣಿನ ಬಣ್ಣ. ಕಿಂಡಿಯನ್ನು ಅಗಲ ಮಾಡಿ ಬಿಡಿಸಿದೆ. ಆಮೇಲೆ ಬಿಸಿ ನೀರಿನ ಬಟ್ಟೆ ಸುತ್ತಿ ಕಾಯಬೇಕು. ರಕ್ತ ಹರಿದು ಬಣ್ಣ ತಿರುಗಿದರೆ ಉಳಿಯಿತು. ತಿರುಗದಿದ್ದರೆ ಅಷ್ಟನ್ನೂ ಕತ್ತರಿಸಿ ತೆಗೆದು ಜೋಡಿಸಬೇಕು, ನಿಮ್ಮ ವಯಸ್ಸಿಗೆ ಅದು ದೊಡ್ಡ ಗಂಡಾಂತರ. ಆ ಹತ್ತು ನಿಮಿಷ ನಾನು ಡಾಕ್ಟರ್ ಆಗಿರಲಿಲ್ಲ ಅಪ್ಪಾ. ಕೈ ಮಾತ್ರ ಡಾಕ್ಟರದಾಗಿತ್ತು. ಒಮ್ಮೆ ಬಟ್ಟೆ ಬಿಚ್ಚಿದೆ, ಹಾಗೇ ಇತ್ತು. ಎರಡನೇ ಸಲ ಬಿಚ್ಚಿದಾಗ ಅಂಚಿನಿಂದ ಕೆಂಪು ಬರತೊಡಗಿತ್ತು. ಆಮೇಲೆ ಏನಂದೆನೋ, ಯಾರಿಗಂದೆನೋ ನನಗೆ ನೆನಪಿಲ್ಲ.

ಜಾಳಿಗೆ ಇಟ್ಟು ಹೊಲಿದಿದ್ದೇನೆ. ಚೆನ್ನಾಗಿ ಹೊಲಿದಿದ್ದೇನೆ. ಮೂರು ತಿಂಗಳು ಭಾರ ಎತ್ತುವಂತಿಲ್ಲ. ನಾಳೆ ಅವ್ವನ ಕೈಯಿಂದ ತೆಳ್ಳಗಿನ ಗಂಜಿ ಕುಡಿಯಬಹುದು.

ರೇಣು

*

ಸರ್ಜರಿ ವಾರ್ಡು, ಹಾಸಿಗೆ ನಂಬರ್ ೧೪
೨೧ ಸೆಪ್ಟೆಂಬರ್ ೨೦೨೪

ನನ್ನ ರೇಣುಗೆ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ನಿನ್ನ ಅವ್ವನದಕ್ಕಿಂತ ಸೊಟ್ಟಾಗಿವೆ. ಕಾಗದ ಸಿಸ್ಟರ್ ಕೊಟ್ಟರು, ಪೆನ್ನು ಪಕ್ಕದ ಹಾಸಿಗೆಯವರದು. ಹಬ್ಬಕ್ಕೆ ಮುಂಚೆ ಬಿಟ್ಟ ಮಾತನ್ನು ಈಗ ಬರೆಯುತ್ತೇನೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟದ್ದರಿಂದ ಸೊಂಟದ ಕೆಳಗೆ ನನ್ನದೇನೂ ನನ್ನದಾಗಿರಲಿಲ್ಲ. ಕಿವಿ ಮಾತ್ರ ನೆಟ್ಟಗಿದ್ದವು. ಎದೆಯ ಮುಂದೆ ಹಸಿರು ಅರಿವೆ ಕಟ್ಟಿದ್ದರು, ಏನೂ ಕಾಣುತ್ತಿರಲಿಲ್ಲ. ಅದಕ್ಕೆ ಮುಂಚೆ ಒಬ್ಬರು ಕೊರಳಿನ ಲಿಂಗ ತೆಗೆಯಿರಿ ಎಂದಿದ್ದರು, ನಾನು ಕೈ ಅಡ್ಡ ಹಿಡಿದಿದ್ದೆ. ನೀನು ಏನೂ ವಾದ ಮಾಡಲಿಲ್ಲ. ಶುಭ್ರ ಬಟ್ಟೆಯಲ್ಲಿ ಸುತ್ತಿಸಿ, ನನ್ನ ರಟ್ಟೆಗೆ ಪಟ್ಟಿ ಹಾಕಿ ಕಟ್ಟಿಸಿದೆ. "ಅದು ಮೈ ಮೇಲೇ ಇರುತ್ತದೆ" ಎಂದು ಅವರಿಗೆ ಹೇಳಿದೆ. ಅಷ್ಟಕ್ಕೇ ನನ್ನ ಅರ್ಧ ಅಂಜಿಕೆ ಹೋಯಿತು.

ಆಮೇಲೆ ನಿನ್ನ ದನಿ ಕೇಳುತ್ತ ಮಲಗಿದ್ದೆ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಮೂರು ಸಲ ಕೇಳುತ್ತಿದ್ದ ಹುಡುಗಿ ನೀನು. ಅಲ್ಲಿ ನೀನು ಒಂದು ಶಬ್ದ ಹೇಳಿದರೆ ನಾಲ್ಕು ಜನ ಅಲುಗುತ್ತಿದ್ದರು. ದನಿ ಏರಲಿಲ್ಲ, ಅವಸರ ಇರಲಿಲ್ಲ. ಮಧ್ಯದಲ್ಲಿ ಬಾಗಿಲು ತೆರೆದು ಒಬ್ಬ ಹೆಂಗಸು ಬಂದರು. ಅದೇ ನೀಲಿಮಾ ಮೇಡಂ ಎಂದು ಆಮೇಲೆ ಗೊತ್ತಾಯಿತು. ನೀನು "ಮೇಡಂ, ನೀವು ತಗೊಳ್ಳಿ" ಎಂದೆ. ಅವರು ನಿನ್ನ ಹಿಂದೆ ನಿಂತು ಎಷ್ಟೋ ಹೊತ್ತು ನೋಡಿ, ಮರಾಠಿಯಲ್ಲಿ ಎರಡೇ ಮಾತು ಅಂದರು: "ಚಾಲೂ ಠೇವ್." ಮುಂದುವರಿಸು. ನಾನು ಮೂವತ್ತೆಂಟು ವರ್ಷ ಈ ಊರಿನಲ್ಲಿ ಮರಾಠಿ ಕೇಳಿದ್ದೇನೆ. ಅದಕ್ಕಿಂತ ಚಂದದ ಮರಾಠಿ ಕೇಳಿಲ್ಲ.

ನೀನು ಏನಂದೆನೋ ನೆನಪಿಲ್ಲ ಎಂದು ಬರೆದಿದ್ದೀ. ನನಗೆ ನೆನಪಿದೆ. ಯಂತ್ರದ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ಏನೋ ಆಗುತ್ತಿದೆ ಎಂದು ತಿಳಿಯಿತು, ಒಳ್ಳೆಯದೋ ಕೆಟ್ಟದೋ ತಿಳಿಯಲಿಲ್ಲ. ಮಗಳ ಕೈಯಲ್ಲಿ ಸತ್ತರೆ ಜೀವನಪೂರ್ತಿ ಅವಳಿಗೆ ಆ ಭಾರ ಉಳಿಯುತ್ತದಲ್ಲ ಎಂದು ನಾನು ಹೆದರಿದೆ. ಅಷ್ಟರಲ್ಲಿ ನೀನು ಅಂದೆ, "ಬಣ್ಣ ಬಂತು, ಅಪ್ಪಾ." ಅಲ್ಲಿದ್ದ ಏಳೆಂಟು ಜನರಲ್ಲಿ ಆ ಕನ್ನಡದ ಮಾತು ತಿಳಿದದ್ದು ನನಗೊಬ್ಬನಿಗೇ.

ಎರಡು ವರ್ಷದ ಹಿಂದೆ ನಾನು ಅಂದ ಮಾತು ತಪ್ಪು. ಹತ್ತು ಮಂದಿಯ ಮುಂದೆ ಅಂದಿದ್ದೆ, ಹತ್ತು ಮಂದಿಯ ಮುಂದೆಯೇ ವಾಪಸ್ ತಗೋಬೇಕು. ಮನೆಗೆ ಹೋದ ಮೇಲೆ ಆ ಬೀಗರನ್ನೆಲ್ಲ ಊಟಕ್ಕೆ ಕರೆಯಲು ನಿನ್ನ ಅವ್ವನಿಗೆ ಹೇಳಿದ್ದೇನೆ. ಊರವರಿಗೆಲ್ಲ ನಿನ್ನ ಹೆಸರು ಹೇಳಿಕೊಂಡು ತಿರುಗಿದೆ, ನಿನಗೊಬ್ಬಳಿಗೆ ಹೇಳಲಿಲ್ಲ. ನನಗೆ ನಿನ್ನ ಬಗ್ಗೆ ಭಾಳ ಹೆಮ್ಮೆ ರೇಣು. ನೀನು ಸರ್ಜರಿ ತಗೊಂಡ ದಿನವೇ ಒಳಗೊಳಗೆ ಇತ್ತು. ಬಾಯಿಗೆ ಬರಲಿಲ್ಲ, ಸಿಟ್ಟು ಬಂತು.

ಇವತ್ತು ಮಧ್ಯಾಹ್ನ ಒಂದು ಪ್ರಸಂಗ ಆಯಿತು. ರೆಕಾರ್ಡ್ ರೂಮಿನ ಕ್ಲಾರ್ಕ್ ಒಬ್ಬರು, ಸ್ವಪ್ನಿಲ್ ಎಂದು ಹೆಸರು, ನನ್ನ ಕೇಸ್ ಪೇಪರ್ ಹಿಡಿದುಕೊಂಡು ಬಂದರು. ಕಾಗದ ತುಂಬುವಾಗ ಏನೋ ಗೊಂದಲ ಆಗಿದೆ, ರೋಗಿಯ ಹೆಸರನ್ನು ಸರ್ಜನ್ನರ ಸಾಲಿನಲ್ಲೂ ಬರೆದುಬಿಟ್ಟಿದ್ದಾರೆ, ನಿಮ್ಮ ಪೂರ್ತಿ ಹೆಸರು ಹೇಳಿ, ತಿದ್ದಬೇಕು ಎಂದರು. ನಾನೂ ಜೀವನವೆಲ್ಲ ಬಿಲ್ಟಿ ಬರೆದ ಕ್ಲಾರ್ಕನೇ. ಚಷ್ಮಾ ಹಾಕಿಕೊಂಡು ಓದಿದೆ. ಮೇಲೆ ರೋಗಿ: ಸಿದ್ರಾಮಪ್ಪ ಗುರಪ್ಪ ಹೊರ್ತಿ. ಕೆಳಗೆ ಆಪರೇಷನ್ ಮಾಡಿದವರು: ಡಾ. ರೇಣು ಸಿದ್ರಾಮಪ್ಪ ಹೊರ್ತಿ. ಈ ಊರಿನ ಪದ್ಧತಿಯಂತೆ ನಡುವೆ ಅಪ್ಪನ ಹೆಸರು. ಒಮ್ಮೆ ಓದಿದೆ, ಎರಡನೇ ಸಲ ಓದಿದೆ. ಮೂರನೇ ಸಲ ಓದುವ ಅಗತ್ಯವಿರಲಿಲ್ಲ, ಆದರೂ ಓದಿದೆ.

"ತಪ್ಪಿಲ್ಲ ಸಾಹೇಬರೇ, ತಿದ್ದಬೇಡಿ" ಎಂದು ಅವರ ಭಾಷೆಯಲ್ಲೇ ಹೇಳಿದೆ. "ಮೇಲಿನ ಸಿದ್ರಾಮಪ್ಪನೂ ನಾನೇ, ಕೆಳಗಿನ ಸಿದ್ರಾಮಪ್ಪನೂ ನಾನೇ. ಆಕೆ ನನ್ನ ಮಗಳು."

ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದೆ. ಹೊಲಿಗೆ ಜಗ್ಗಿತು. ಜಗ್ಗಲಿ ಬಿಡು.

ನಿನ್ನ ಅಪ್ಪ